ಬಾಟ್ಲಿ ಕೂಸಿನ ಹೊಟ್ಟೆಗೆ ಗಾಳಿ ಎಲ್ಲಿಂದ ಬಂತು?

ಎರಡು ತಿಂಗಳ ಕೂಸು ಮೊಣಕಾಲು ಹೊಟ್ಟೆಗೆ ಒತ್ತಿಕೊಂಡು, ಮುಷ್ಟಿ ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು ಅಳತೊಡಗಿದರೆ ನಮ್ಮ ಸೇಡಂ, ಚಿತ್ತಾಪುರ ಕಡೆಯ ಮನೆಗಳಲ್ಲಿ ಮೂರು ಮಾತು ಸರತಿಯಲ್ಲಿ ಬರುತ್ತವೆ. ಮೊದಲು ಆಯಿ ‘ಕೂಸಿಗಿ ನೆದರ ಆಗ್ಯಾದ’ ಎನ್ನುತ್ತಾಳೆ. ನೆದರು ತೆಗೆದ ಮೇಲೂ ಅಳು ನಿಲ್ಲದಿದ್ದರೆ ಪಕ್ಕದ ಮನೆಯವರು ‘ಗ್ಯಾಸ್ ಆಗ್ಯಾದ, ಮೆಡಿಕಲ್‌ದಾಗ ಡ್ರಾಪ್ಸ್ ಸಿಗ್ತಾವ, ತರ್ರಿ’ ಎನ್ನುತ್ತಾರೆ. ರಾತ್ರಿ ಹತ್ತರ ಹೊತ್ತಿಗೆ ಕೂಸಿನ ಅಪ್ಪ ‘ಈ ಡಬ್ಬಿ ಹಾಲು ಒಗ್ಗವಲ್ದು, ನಾಳಿ ಬ್ಯಾರೆ ಕಂಪನಿದು ತರ್ತೀನಿ’ ಎನ್ನುತ್ತಾನೆ. ದೇವರು, ಔಷಧಿ, ಕಂಪನಿ ಎಲ್ಲದರ ವಿಚಾರಣೆ ಆಗುತ್ತದೆ. ಬಾಟ್ಲಿಯನ್ನು ಮಾತ್ರ ಯಾರೂ ಎತ್ತಿ ನೋಡುವುದಿಲ್ಲ.

ಕೂಸಿನ ಹೊಟ್ಟೆಯ ಗಾಳಿಗೆ ಎರಡು ಮೂಲ. ಒಂದು ಒಳಗಿನದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಸಣ್ಣ ಕರುಳಿನಲ್ಲಿ ಪೂರ್ತಿ ಜೀರ್ಣವಾಗದೆ ಒಂದಿಷ್ಟು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸುವಾಗ ಗಾಳಿ ಹುಟ್ಟುತ್ತದೆ. ಎದೆಹಾಲು ಕುಡಿಯುವ ಕೂಸಿನಲ್ಲೂ ಇದು ದಿನವೂ ನಡೆಯುತ್ತದೆ. ಕೂಸು ಹೂಸು ಬಿಡುವುದು ಕರುಳು ಕೆಲಸ ಮಾಡುತ್ತಿದೆ ಎಂಬುದರ ಗುರುತು, ಅದಕ್ಕೆ ಮದ್ದು ಬೇಕಿಲ್ಲ. ಇನ್ನೊಂದು ಹೊರಗಿನದು: ಹಾಲಿನ ಜೊತೆ ನುಂಗಿದ ಗಾಳಿ, ಅಳುವಾಗ ನುಂಗಿದ ಗಾಳಿ. ನಮ್ಮ ಕೈಯಲ್ಲಿರುವುದು ಈ ಎರಡನೆಯದು. ಅದನ್ನು ತಡೆಯಲು ರೂಪಾಯಿ ಖರ್ಚು ಬೇಡ, ಹಾಲು ಕುಡಿಸುವ ರೀತಿ ಬದಲಾದರೆ ಸಾಕು.

ಹಾಲು ಕಲೆಸುವುದರಿಂದಲೇ ಗಾಳಿ ಶುರುವಾಗುತ್ತದೆ. ನೀರು, ಪೌಡರ್ ಹಾಕಿ, ಮುಚ್ಚಳ ಬಿಗಿದು, ಬಾಟ್ಲಿಯನ್ನು ಜೋರಾಗಿ ಕುಲುಕಿ, ಅಳುವ ಕೂಸಿನ ಬಾಯಿಗೆ ತಕ್ಷಣ ಇಡುವುದು ಎಲ್ಲ ಮನೆಯ ರೂಢಿ. ಆಗ ಬಾಟ್ಲಿಯ ಮೇಲ್ಭಾಗದಲ್ಲಿ ಎರಡು ಬೆರಳು ದಪ್ಪ ನೊರೆ ನಿಂತಿರುತ್ತದೆ. ಆ ನೊರೆಯೂ ಕೂಸಿನ ಹೊಟ್ಟೆಗೇ ಹೋಗುತ್ತದೆ. ಬಾಟ್ಲಿಯನ್ನು ಎರಡು ಅಂಗೈ ನಡುವೆ ಹಿಡಿದು ಮೆಲ್ಲಗೆ ಹೊರಳಿಸಿ ಕಲೆಸಿ, ಗುಳ್ಳೆ ಒಡೆಯುವವರೆಗೆ ಎರಡು ಮೂರು ನಿಮಿಷ ನೇರವಾಗಿ ನಿಲ್ಲಿಸಿ. ನೀರು ಬಿಸಿಯಾಗಿದ್ದರೆ ಪೌಡರ್ ಕುಲುಕದೆಯೂ ಕರಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಕೊಟ್ಟ ಸೂಚನೆಯೂ ಅದೇ: ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗೆ ಆರುವ ಮೊದಲೇ ಪೌಡರ್ ಹಾಕಬೇಕು. ಅವರು ಹಾಗೆ ಹೇಳಿದ್ದು ನೊರೆಗಾಗಿ ಅಲ್ಲ. ಹಾಲಿನ ಪೌಡರ್ ಕ್ರಿಮಿಮುಕ್ತ ವಸ್ತುವಲ್ಲ. ಅದರಲ್ಲಿ ಅಪರೂಪಕ್ಕೆ ಇರಬಹುದಾದ ಅಪಾಯಕಾರಿ ಬ್ಯಾಕ್ಟೀರಿಯಾ ಆ ಬಿಸಿಗೆ ಸಾಯುತ್ತವೆ. ಕಲೆಸಿದ ಮೇಲೆ ಬಾಟ್ಲಿಯನ್ನು ಮಡಿಕೆ ನೀರು ತುಂಬಿದ ಪಾತ್ರೆಯಲ್ಲಿ ಇಟ್ಟು ಆರಿಸಿ, ಮಣಿಕಟ್ಟಿನ ಮೇಲೆ ಎರಡು ಹನಿ ಬಿಟ್ಟು ನೋಡಿ ಕುಡಿಸಬೇಕು. ಬೇಸಿಗೆಯಲ್ಲಿ ನಮ್ಮ ನಳದ ನೀರೇ ಸುಡುವುದರಿಂದ ಮಡಿಕೆ ನೀರು ಅಂದೆ.

ಅಳತೆಯ ಮಾತಿನಲ್ಲಿ ನಾನು ಸ್ವಲ್ಪ ಹಟವಾದಿ. ನಮ್ಮಲ್ಲಿ ಸಿಗುವ ಹೆಚ್ಚಿನ ಡಬ್ಬಿಗಳಲ್ಲಿ 30 ಮಿಲಿ ನೀರಿಗೆ ಒಂದು ಮಟ್ಟಸ ಚಮಚ ಎಂದಿರುತ್ತದೆ. ನಿಮ್ಮ ಡಬ್ಬಿಯ ಮೇಲೆ ಏನಿದೆಯೋ ಅದೇ ಲೆಕ್ಕ. ಮೊದಲು ನೀರು ಅಳೆಯಬೇಕು, ಆಮೇಲೆ ಪೌಡರ್. ಡಬ್ಬಿ ಒಂದು ವಾರ ಹೆಚ್ಚು ಬರಲಿ ಎಂದು ತೆಳ್ಳಗೆ ಮಾಡಿದರೆ ಕೂಸು ಹಸಿವಿನಿಂದ ಅಳುತ್ತದೆ, ತೂಕ ಏರುವುದಿಲ್ಲ. ಬಹಳ ತೆಳ್ಳಗಾದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವ ಅಪಾಯವೂ ಉಂಟು. ‘ಗಟ್ಟಿ ಇದ್ರ ಕೂಸು ದುಂಡಗ ಆಗ್ತದ’ ಎಂದು ಚಮಚ ಒತ್ತಿ ಒತ್ತಿ ತುಂಬಿದರೆ ಮಲ ಗಟ್ಟಿಯಾಗಿ, ಬಾಯಾರಿ ಅಳುತ್ತದೆ. ಎರಡೂ ಅಳುವಿಗೆ ಮನೆಯಲ್ಲಿ ಸಿಗುವ ಹೆಸರು ಒಂದೇ, ಗ್ಯಾಸ್.

ಇನ್ನು ನಿಪ್ಪಲ್. ಹಾಲು ನಿಧಾನ ಬರುತ್ತದೆ ಎಂದು ಸೂಜಿ ಕಾಯಿಸಿ ತೂತು ದೊಡ್ಡದು ಮಾಡುವ ಅಭ್ಯಾಸ ಊರೂರಿಗೂ ಇದೆ. ದೊಡ್ಡ ತೂತಿನಿಂದ ಹಾಲು ಸುರಿದು ಬರುವಾಗ ಕೂಸು ಉಸಿರು ತೆಗೆದುಕೊಳ್ಳಲು ಬಿಡುವಿಲ್ಲದೆ ಗಟಗಟ ನುಂಗುತ್ತದೆ. ಓಡುವ ನಳಕ್ಕೆ ಬಾಯಿ ಹಚ್ಚಿ ನೀರು ಕುಡಿದವರಿಗೆ ಆ ಒದ್ದಾಟ ಗೊತ್ತು. ತುಟಿಯ ಕೊನೆಯಲ್ಲಿ ಹಾಲು ಸೋರುವುದು, ಕೆಮ್ಮು, ಕಣ್ಣು ಅಗಲ ಮಾಡಿ ಬೆರಳು ಅಗಲಿಸುವುದು ಇವೆಲ್ಲ ಹಾಲಿನ ವೇಗ ಹೆಚ್ಚಾಯಿತು ಎಂಬುದಕ್ಕೆ ಸಾಕ್ಷಿ. ತೂತು ತೀರ ಸಣ್ಣದಿದ್ದರೂ ಕಷ್ಟವೇ: ಕೂಸು ಎಳೆದೆಳೆದು ದಣಿದು, ಬಾಯಿ ಬಿಟ್ಟು ಬಿಟ್ಟು ಗಾಳಿ ನುಂಗುತ್ತದೆ. ಬಾಟ್ಲಿ ತಲೆಕೆಳಗೆ ಹಿಡಿದಾಗ ಹಾಲು ಧಾರೆಯಾಗದೆ, ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕಿದರೆ ಎಳೆಯ ಕೂಸಿಗೆ ಅದು ಸರಿ.

ನಮ್ಮ ಊರುಗಳಲ್ಲಿ ಇದಕ್ಕೊಂದು ಸ್ಥಳೀಯ ಕಾರಣವೂ ಸೇರುತ್ತದೆ. ಶಹಾಬಾದಿನ ಫರ್ಸಿ, ವಾಡಿಯ ಸಿಮೆಂಟು, ಸೇಡಂ ಮತ್ತು ಮಳಖೇಡದ ಕಾರ್ಖಾನೆಗಳು ಎಲ್ಲ ನಿಂತಿರುವುದು ಸುಣ್ಣದಕಲ್ಲಿನ ಮೇಲೆ. ಅದೇ ಕಲ್ಲಿನ ಸುಣ್ಣ ಬೋರಿನ ನೀರಿನಲ್ಲಿ ಕರಗಿ ಬರುತ್ತದೆ. ಹಾಲಿಗೆ ನೀರು ಕುದಿಸುವ ಪಾತ್ರೆಯ ತಳದಲ್ಲಿ ಬೆಳ್ಳಗೆ ಹತ್ತುವ ಪದರ ಅದೇ. ಬಾಟ್ಲಿ, ನಿಪ್ಪಲ್‌ಗಳನ್ನು ಇದೇ ನೀರಿನಲ್ಲಿ ದಿನವೂ ಕುದಿಸಿದರೆ ಆ ಪದರ ನಿಪ್ಪಲ್ಲಿನ ತೂತಿಗೂ, ಬುಡದಲ್ಲಿರುವ ಗಾಳಿಕಿಂಡಿಗೂ ಕಟ್ಟುತ್ತದೆ. ಕಿಂಡಿ ಮುಚ್ಚಿದರೆ ಬಾಟ್ಲಿಯೊಳಗೆ ಗಾಳಿ ಹೋಗದೆ ನಿಪ್ಪಲ್ ಚಪ್ಪಟೆಯಾಗುತ್ತದೆ. ಕೂಸು ಸಿಟ್ಟಿನಿಂದ ಬಾಯಿ ಬಿಡುತ್ತದೆ, ಮತ್ತೆ ಹಿಡಿಯುತ್ತದೆ, ಪ್ರತಿ ಸಲ ಒಂದಿಷ್ಟು ಗಾಳಿ. ವಾರಕ್ಕೊಮ್ಮೆ ಲಿಂಬೆ ರಸ ಅಥವಾ ವಿನೆಗರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ, ತಿಕ್ಕಿ ತೊಳೆದು ಮತ್ತೆ ಕುದಿಸಿದರೆ ಪದರ ಬಿಡುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರಾದರೆ ಸುಣ್ಣ ಕಡಿಮೆ. ಆದರೆ ಕ್ಯಾನು ಎಷ್ಟು ಚೊಕ್ಕಟ ಇದೆಯೋ ನೀರೂ ಅಷ್ಟೇ ಚೊಕ್ಕಟ, ಆ ನೀರನ್ನೂ ಕುದಿಸಲೇಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಬಾಟ್ಲಿ ಹಿಡಿಯುವ ರೀತಿ. ಫರ್ಸಿ ಗಣಿಯ ಬದಿಯ ಗಿಡಕ್ಕೆ ಹಳೆ ಸೀರೆಯ ಜೋಳಿಗೆ ಕಟ್ಟಿ, ಒಳಗೆ ಕೂಸನ್ನು ಅಂಗಾತ ಮಲಗಿಸಿ, ಮಡಿಸಿದ ಅರಿವೆಯ ಆಧಾರ ಕೊಟ್ಟು ಬಾಟ್ಲಿಯನ್ನು ಬಾಯಿಗೆ ನಿಲ್ಲಿಸಿ ಹೋಗುವುದನ್ನು ಈ ಭಾಗದವರೆಲ್ಲ ಕಂಡಿದ್ದೇವೆ. ಅವ್ವ ಕಲ್ಲಿನ ಕೆಲಸಕ್ಕೋ ತೊಗರಿ ಹೊಲಕ್ಕೋ ಹೋಗಿರುತ್ತಾಳೆ, ಕೂಸನ್ನು ನೋಡಿಕೊಳ್ಳಲು ಏಳೆಂಟು ವರ್ಷದ ಅಕ್ಕ ಇರುತ್ತಾಳೆ. ಹೊಟ್ಟೆಪಾಡಿಗೆ ಹೋದ ತಾಯಿಯನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಹಾಗೆ ಬಿಟ್ಟ ಬಾಟ್ಲಿ ಅಪಾಯ. ಹಾಲು ಉಸಿರ್ನಾಳಕ್ಕೆ ಹೋದರೆ ತೆಗೆಯುವವರಿಲ್ಲ. ಅಂಗಾತ ಮಲಗಿ ಕುಡಿದ ಹಾಲು ಕಿವಿಯ ಒಳನಾಳಕ್ಕೆ ತಲುಪಿ ಕಿವಿ ಸೋರುವುದಕ್ಕೂ ಕಾರಣವಾಗುತ್ತದೆ. ಬಾಟ್ಲಿ ಅರ್ಧ ಖಾಲಿಯಾದ ಮೇಲೆ ಕೂಸು ಗಾಳಿಯನ್ನೇ ಚೀಪುತ್ತಿರುತ್ತದೆ. ಆ ಅಕ್ಕನಿಗೆ ಒಂದೇ ಪಾಠ ಸಾಕು: ಕೂಸನ್ನು ಜೋಳಿಗೆಯಿಂದ ತೆಗೆದು, ತೊಡೆಯ ಮೇಲೆ ತಲೆ ಎತ್ತರ ಮಾಡಿ ಕೂರಿಸಿಕೊಂಡು, ಕೈಯಾರೆ ಬಾಟ್ಲಿ ಹಿಡಿ.

ದೊಡ್ಡವರೂ ಹಾಗೆಯೇ ಮಾಡಬೇಕು. ಕೂಸು ಹೆಚ್ಚು ಕಡಿಮೆ ಕುಳಿತ ಭಂಗಿಯಲ್ಲಿರಲಿ. ಬಾಟ್ಲಿಯನ್ನು ಮೇಲಿನಿಂದ ಕೆಳಕ್ಕೆ ಸುರಿಯುವಂತೆ ಎತ್ತದೆ, ಅಡ್ಡಡ್ಡಕ್ಕೆ, ನಿಪ್ಪಲ್ ತುಂಬ ಹಾಲು ಇರುವಷ್ಟೇ ವಾರೆ ಮಾಡಿ ಹಿಡಿಯಿರಿ. ನಿಪ್ಪಲ್ಲಿನಿಂದ ತುಟಿ ಸವರಿದರೆ ಕೂಸು ತಾನೇ ಬಾಯಿ ಅಗಲಿಸುತ್ತದೆ; ಬರೀ ತುದಿ ಚೀಪದೆ ಬುಡದವರೆಗೂ ಬಾಯಿ ತುಂಬ ಹಿಡಿಯಲಿ. ಏಳೆಂಟು ಗುಟುಕಿಗೊಮ್ಮೆ ಬಾಟ್ಲಿಯ ತುದಿ ಇಳಿಸಿ ಉಸಿರು ತೆಗೆದುಕೊಳ್ಳಲು ಬಿಡಿ. ಹೀಗೆ ಕುಡಿಸಿದರೆ ಒಂದು ಸಲಕ್ಕೆ ಹದಿನೈದು ಇಪ್ಪತ್ತು ನಿಮಿಷ ಹಿಡಿಯುತ್ತದೆ. ಐದೇ ನಿಮಿಷದಲ್ಲಿ ಬಾಟ್ಲಿ ಖಾಲಿಯಾದರೆ ಹೆಮ್ಮೆ ಪಡಬೇಡಿ, ಅಷ್ಟು ಬೇಗ ಹೋದ ಹಾಲಿನ ಜೊತೆ ಗಾಳಿಯೂ ಹೋಗಿದೆ. ಕೂಸು ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು. ಉಳಿದ ಮೂವತ್ತು ಮಿಲಿ ದಂಡವಾಗಬಾರದು ಎಂದು ಒತ್ತಾಯಿಸಿ ಕುಡಿಸಿದ ಹಾಲೇ ಮುಂದಿನ ಒಂದು ಗಂಟೆಯ ಅಳುವಾಗುತ್ತದೆ. ಮೊದಲ ತಿಂಗಳುಗಳಲ್ಲಿ ಕೂಸಿನ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 150 ಮಿಲಿ ಬೇಕಾಗುತ್ತದೆ. ನಾಲ್ಕು ಕಿಲೋ ಕೂಸಿಗೆ 600 ಮಿಲಿ, ಎಂಟು ಸಲಕ್ಕೆ ಹಂಚಿದರೆ ಸಲಕ್ಕೆ 75. ಎಂಜಲು ಬಾಟ್ಲಿಯ ಹಾಲು ಚೆಲ್ಲಲೇಬೇಕು, ನಮ್ಮ ಬಿಸಿಲಿಗೆ ಅದು ಬೇಗ ಕೆಡುತ್ತದೆ.

ನಡುವೆ ಒಮ್ಮೆ, ಕೊನೆಗೊಮ್ಮೆ ತೇಗಿಸಬೇಕು. ಹೆಗಲ ಮೇಲೆ ಹಾಕಿಕೊಂಡಾಗ ಕೂಸಿನ ಹೊಟ್ಟೆ ನಿಮ್ಮ ಹೆಗಲಿಗೆ ತುಸು ಒತ್ತುವಂತಿರಲಿ. ಅಥವಾ ತೊಡೆಯ ಮೇಲೆ ಕೂರಿಸಿ, ಗದ್ದಕ್ಕೆ ಅಂಗೈ ಆಧಾರ ಕೊಟ್ಟು ತುಸು ಮುಂದಕ್ಕೆ ಬಾಗಿಸಿ ಬೆನ್ನು ಸವರಿ. ಗಂಟಲಿಗೆ ಕೈ ಒತ್ತದಿರಲಿ. ಬಡಿಯುವ ಅವಸರ ಬೇಡ. ಐದು ನಿಮಿಷದಲ್ಲಿ ತೇಗು ಬರದಿದ್ದರೆ ಬರಬೇಕಾದ ಗಾಳಿ ಇರಲಿಲ್ಲ ಎಂದೇ ತಿಳಿದು ಬಿಡಿ. ಇನ್ನೊಂದು ಇಪ್ಪತ್ತು ನಿಮಿಷ ಎತ್ತಿಕೊಂಡಿದ್ದರೆ ಸಾಕು. ಹಾಲು ಕುಡಿದು ಒಂದು ಗಂಟೆ ಕಳೆದ ಮೇಲೆ ಎರಡೂ ಕಾಲು ಹಿಡಿದು ಸೈಕಲ್ ತುಳಿಸಿದಂತೆ ಆಡಿಸುವುದು, ಹೊಟ್ಟೆಯ ಮೇಲೆ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಬೆಚ್ಚಗಿನ ಕೈ ಆಡಿಸುವುದು ಕರುಳಿನ ಗಾಳಿ ಇಳಿಯಲು ನೆರವಾಗುತ್ತದೆ. ಎಚ್ಚರ ಇದ್ದಾಗ, ನೀವು ಎದುರಿಗಿದ್ದಾಗ ಬೋರಲು ಹಾಕಬಹುದು. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ.

ಉಡದಾರವನ್ನೂ ಒಮ್ಮೆ ನೋಡಿ. ಹೆಸರಿಡುವ ದಿನ ಕಟ್ಟಿದ ಕರಿದಾರ ಎರಡು ತಿಂಗಳಲ್ಲಿ ತುಂಬಿದ ಹೊಟ್ಟೆಗೆ ಬಿಗಿಯಾಗಿರುತ್ತದೆ. ಒಂದು ಬೆರಳು ಸಲೀಸಾಗಿ ಒಳಗೆ ಹೋಗಬೇಕು. ಕಾಲ್ಬೆರಳ ಸಂದಿಯಲ್ಲಿ ತಲೆಗೂದಲು ಸುತ್ತಿಕೊಂಡಿದೆಯೇ ಎಂದೂ ನೋಡಬೇಕು; ಒಂದೇ ಎಳೆ ಕೂದಲು ಬೆರಳಿಗೆ ರಕ್ತ ಹೋಗದಂತೆ ಬಿಗಿದು ಕೂಸು ಕಂಗಾಲಾಗಿ ಅಳುವುದುಂಟು.

ಇಷ್ಟೆಲ್ಲ ಮಾಡಿದ ಮೇಲೂ ಕೂಸು ಸಂಜೆ ಆಯಿತೆಂದರೆ ಅಳಬಹುದು. ಈ ಮಾತನ್ನು ತಾಯಂದಿರಿಗೆ ಯಾರೂ ಮೊದಲೇ ಹೇಳುವುದಿಲ್ಲ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರ್ರಿ ಬ್ರೇಜಲ್ಟನ್ 1962ರಲ್ಲಿ 80 ಆರೋಗ್ಯವಂತ ಕೂಸುಗಳ ಅಳುವನ್ನು ಅವುಗಳ ತಾಯಂದಿರಿಂದಲೇ ದಿನಚರಿಯಲ್ಲಿ ಬರೆಸಿ ಲೆಕ್ಕ ಹಾಕಿದರು. ಅಳು ವಾರದಿಂದ ವಾರಕ್ಕೆ ಏರಿ, ಆರನೆಯ ವಾರಕ್ಕೆ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆ ಮುಟ್ಟಿ, ಆಮೇಲೆ ಇಳಿಯುತ್ತದೆ ಎಂದು ಕಂಡಿತು. ಯಾವ ರೋಗವೂ ಇಲ್ಲದ ಕೂಸುಗಳ ಮಾತು ಇದು. ದಿನಕ್ಕೆ 3 ಗಂಟೆಗೂ ಹೆಚ್ಚು, ವಾರಕ್ಕೆ 3 ದಿನಕ್ಕೂ ಹೆಚ್ಚು, 3 ವಾರಕ್ಕೂ ಮೀರಿ ಅತ್ತರೆ ಅದನ್ನು ಕಾಲಿಕ್ ಎನ್ನಬೇಕೆಂದು ಮಾರಿಸ್ ವೆಸೆಲ್ ಎಂಬ ವೈದ್ಯರು 1954ರಲ್ಲಿ ಗೆರೆ ಹಾಕಿದ್ದರು. ಎದೆಹಾಲಿನ ಕೂಸಿಗೂ ಇದು ಬರುತ್ತದೆ, ಬಾಟ್ಲಿ ಕೂಸಿಗೂ ಬರುತ್ತದೆ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಹೋಗುತ್ತದೆ. ಅತ್ತಾಗ ಗಾಳಿ ನುಂಗುವುದರಿಂದ ಹೊಟ್ಟೆ ಉಬ್ಬುತ್ತದೆ, ಹೂಸು ಬರುತ್ತದೆ. ನಾವು ಅದನ್ನು ಕಂಡು ಗ್ಯಾಸಿನಿಂದ ಅತ್ತಿತು ಎನ್ನುತ್ತೇವೆ. ಅನೇಕ ಸಲ ಅಳುವೇ ಮೊದಲು, ಗಾಳಿ ಆಮೇಲೆ.

ಇಲ್ಲೊಂದು ಅವಕಾಶ ಇದೆ. ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕು. ಆ ಕೊನೆಯ 42ನೇ ದಿನ ಎಂದರೆ ಸರಿಯಾಗಿ ಆರು ವಾರ, ಅಳು ತುದಿ ಮುಟ್ಟುವ ಹೊತ್ತು. ಅದರ ನಂತರದ ಭೇಟಿ ಮೂರನೆಯ ತಿಂಗಳಿಗೆ. ನಡುವಿನ ಆ ಒಂದೂವರೆ ತಿಂಗಳಲ್ಲೇ ಡ್ರಾಪ್ಸು, ಘುಟ್ಟಿ, ಚುಟಿಗೆ ಎಲ್ಲ ಮನೆಯೊಳಗೆ ಬರುವುದು. ಆದ್ದರಿಂದ 42ನೇ ದಿನ ಅಕ್ಕೋರು ಬಂದಾಗ ತೂಕ ಬರೆಸಿ ಕಳಿಸಿಬಿಡಬೇಡಿ. ‘ಅಕ್ಕೋರೆ, ನಾ ಹಾಲು ಕುಡಸೂದು ಒಂದು ಸಲ ಕುಂತು ನೋಡ್ರಿ’ ಎನ್ನಿ. ಹತ್ತು ನಿಮಿಷದ ಕೆಲಸ ಅದು.

ಅಳುವ ಕೂಸನ್ನು ಎತ್ತಿಕೊಂಡರೆ ಕೈಚಟ ಬೀಳುತ್ತದೆ ಎಂಬ ಹೆದರಿಕೆ ಬೇಡ. ಮಾಂಟ್ರಿಯಲ್‌ನಲ್ಲಿ ಹುಂಜಿಕರ್ ಮತ್ತು ಬಾರ್ ಎಂಬ ವೈದ್ಯರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಳುವವರೆಗೆ ಕಾಯದೆ ದಿನವಿಡೀ ಹೆಚ್ಚು ಹೊತ್ತು ಎತ್ತಿಕೊಂಡಿದ್ದ ಕೂಸುಗಳು ಆರನೆಯ ವಾರದಲ್ಲಿ ಉಳಿದವಕ್ಕಿಂತ ಶೇಕಡಾ 43ರಷ್ಟು ಕಡಿಮೆ ಅತ್ತಿದ್ದವು. ಚಿಂಚೋಳಿಯ ತಾಂಡಾಗಳಲ್ಲಿ ಸೀರೆಯ ಸೆರಗಿನಲ್ಲಿ ಕೂಸನ್ನು ಮೈಗೆ ಕಟ್ಟಿಕೊಂಡು ಕೆಲಸ ಮಾಡುವ ತಾಯಿ ಇದನ್ನೇ ಮಾಡುತ್ತಿದ್ದಾಳೆ. ಕೂಸಿನ ಮೂಗು ಬಾಯಿ ತೆರೆದಿರಲಿ, ಗದ್ದ ಎದೆಗೆ ಒತ್ತದಿರಲಿ. ಅತ್ತೂ ಅತ್ತೂ ನಿಮ್ಮ ತಾಳ್ಮೆ ಮುಗಿಯುತ್ತಿದೆ ಎನಿಸಿದರೆ ಕೂಸನ್ನು ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಹೋಗಿ ನಿಲ್ಲಿ, ಇಲ್ಲವೇ ಇನ್ನೊಬ್ಬರ ಕೈಗೆ ಕೊಡಿ. ಸಿಟ್ಟಿನಲ್ಲಿ ಒಂದೇ ಒಂದು ಸಲ ಜೋರಾಗಿ ಅಲುಗಾಡಿಸಿದರೂ ಮೆದುಳಿನಲ್ಲಿ ರಕ್ತಸ್ರಾವವಾಗಬಹುದು.

ಔಷಧಿಗಳ ಕಥೆ ಚಿಕ್ಕದು. ಗ್ಯಾಸಿಗೆಂದು ಕೊಡುವ ಸಿಮೆಥಿಕೋನ್ ಹನಿಗಳಿಂದ ಹಾನಿ ಇಲ್ಲ, ಆದರೆ ಪರೀಕ್ಷೆಗಳಲ್ಲಿ ಅದು ಬರೀ ನೀರಿನಂಥ ಹನಿಗಿಂತ ಹೆಚ್ಚೇನೂ ಮಾಡಲಿಲ್ಲ. ಹೊಟ್ಟೆನೋವಿನ ಕೆಲವು ಹನಿಗಳಲ್ಲಿ ಡೈಸೈಕ್ಲೋಮೈನ್ ಇರುತ್ತದೆ. ಉಸಿರಾಟಕ್ಕೆ ತೊಂದರೆ ಮಾಡುವ ಕಾರಣ ಆರು ತಿಂಗಳೊಳಗಿನ ಕೂಸಿಗೆ ಅದನ್ನು ಕೊಡಲೇಬಾರದು. ಬಾಕ್ಸಿನ ಮೇಲಿನ ಸಣ್ಣ ಅಕ್ಷರಗಳಲ್ಲಿ ಆ ಹೆಸರಿದೆಯೇ ಎಂದು ಓದಿಸಿ ನೋಡಿ. ಗ್ರೈಪ್ ವಾಟರ್ 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ವಿಲಿಯಂ ವುಡ್‌ವರ್ಡ್ ತಯಾರಿಸಿದ್ದು. ಹಳೆಯ ಪಾಕದಲ್ಲಿ ಸಬ್ಬಸಿಗೆ ಎಣ್ಣೆ, ಸೋಡಾ, ಸಕ್ಕರೆ ಜೊತೆ ಆಲ್ಕೋಹಾಲೂ ಇತ್ತು. ಈಗ ಆಲ್ಕೋಹಾಲ್ ಇಲ್ಲ, ಕಾಲಿಕ್ ಗುಣವಾಗುತ್ತದೆ ಎಂಬುದಕ್ಕೆ ಆಧಾರವೂ ಇಲ್ಲ. ಪ್ರೋಬಯಾಟಿಕ್ ಹನಿಗಳಲ್ಲಿ ಒಂದು ಬಗೆ ಎದೆಹಾಲಿನ ಕೂಸುಗಳಿಗೆ ಒಂದಿಷ್ಟು ನೆರವಾದದ್ದು ಕಂಡಿದೆ, ಬಾಟ್ಲಿ ಕೂಸುಗಳಿಗೆ ಅಷ್ಟು ನಂಬಿಕೆಯಿಂದ ಹೇಳುವಂತಿಲ್ಲ.

ಮನೆಮದ್ದಿನಲ್ಲಿ ಹೊಟ್ಟೆಯ ಮೇಲೆ ಬೆಚ್ಚಗಿನ ಔಡಲೆಣ್ಣೆ ಸವರುವ ಆಯಿಯ ಕೈ ಒಳ್ಳೆಯದು. ಅದೇ ಎಣ್ಣೆ ಬಾಯಿಗೆ, ಮೂಗಿಗೆ ಹೋಗಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಬಜೆ ತೇಯ್ದು ನೆಕ್ಕಿಸುವುದು, ಅಜವಾನ ನೀರು, ಘುಟ್ಟಿ ಯಾವುದೂ ಆರು ತಿಂಗಳೊಳಗೆ ಬೇಡ. ಜೇನುತುಪ್ಪ ಒಂದು ವರ್ಷದವರೆಗೆ ಬೇಡವೇ ಬೇಡ, ಅದರಿಂದ ಕೂಸಿನ ಸ್ನಾಯು ಸೋಲುವ ಬಾಟ್ಯುಲಿಸಂ ಬರಬಹುದು. ಮುಕ್ಕಿ ಮುಕ್ಕಿ ಅತ್ತು ಕೊನೆಗೆ ಮೆತ್ತಗಿನ ಮಲ ಹೋಗುವ ಕೂಸಿಗೆ ಮಲಬದ್ಧತೆ ಇಲ್ಲ. ಎಲೆತೊಟ್ಟು, ಸಾಬೂನಿನ ಚೂರು ಗುದಕ್ಕೆ ಇಡಬೇಡಿ. ಇನ್ನು ಚುಟಿಗೆ. ಕಾಯಿಸಿದ ಬಳೆಯಿಂದಲೋ ಊದುಬತ್ತಿಯಿಂದಲೋ ಎಳೆ ಹೊಟ್ಟೆ ಸುಡುವ ಈ ಪದ್ಧತಿ ಉತ್ತರ ಕರ್ನಾಟಕದಲ್ಲಿ ಇನ್ನೂ ಸತ್ತಿಲ್ಲ. ಸುಟ್ಟ ಗಾಯದಿಂದ ನಂಜು ರಕ್ತಕ್ಕೆ ಏರಿ ಕೂಸು ಸಾಯಬಹುದು. ಯಾವ ಹಿರಿಯರು ಹೇಳಿದರೂ, ಯಾವ ಊರಿನಲ್ಲಿ ವಾಸಿಯಾಯಿತೆಂದರೂ, ಕೂಸನ್ನು ಎತ್ತಿಕೊಂಡು ಅಲ್ಲಿಂದ ಎದ್ದು ಬನ್ನಿ.

ಡಬ್ಬಿ ಬದಲಿಸುವುದರಿಂದ ಗುಣವಾಗುವುದು ವಿರಳ. ಹುಟ್ಟಿನಿಂದಲೇ ಲ್ಯಾಕ್ಟೋಸ್ ಒಗ್ಗದ ಕೂಸು ಬಹಳ ಅಪರೂಪ. ಹಸುವಿನ ಹಾಲಿನ ಪ್ರೋಟೀನ್ ಒಗ್ಗದ ಕೆಲವು ಕೂಸುಗಳಿರುತ್ತವೆ; ಮಲದಲ್ಲಿ ರಕ್ತ, ಮೈಮೇಲೆ ಕಜ್ಜಿ, ಪದೇ ಪದೇ ವಾಂತಿ, ಏರದ ತೂಕ ಅದರ ಗುರುತು, ಅದನ್ನು ವೈದ್ಯರು ಗೊತ್ತುಮಾಡಬೇಕು. ಬೇಸತ್ತು ಮನೆಯ ಎಮ್ಮೆ ಹಾಲಿಗೆ ಅರ್ಧ ನೀರು, ಸಕ್ಕರೆ ಹಾಕಿ ಕುಡಿಸುವವರು ಒಂದು ಸಂಗತಿ ತಿಳಿಯಬೇಕು. ಎಮ್ಮೆ ಹಾಲಿನ ಕೊಬ್ಬು ಹೆಚ್ಚು, ಹೊಟ್ಟೆಯಲ್ಲಿ ಆ ಹಾಲು ಗಟ್ಟಿಯಾಗಿ ಒಡೆಯುತ್ತದೆ. ಅದನ್ನು ಕೂಸಿಗೆ ಒಗ್ಗುವಂತೆ ಮಾಡುವ ವಿಧಾನ ಕಂಡುಹಿಡಿಯಲು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನ ವಿಜ್ಞಾನಿಗಳು ವರ್ಷಗಟ್ಟಲೆ ದುಡಿಯಬೇಕಾಯಿತು. ಅಮುಲ್‌ನ ಶಿಶು ಆಹಾರ ಬಂದದ್ದು ಆ ಕೆಲಸದಿಂದ. ಒಲೆಯ ಮೇಲೆ ನೀರು ಬೆರೆಸಿದರೆ ಆ ಕೆಲಸ ಆಗುವುದಿಲ್ಲ. ಆಡಿನ ಹಾಲೂ ಪರಿಹಾರವಲ್ಲ, ಅದರಲ್ಲಿ ಫೋಲೇಟ್ ತೀರ ಕಡಿಮೆ.

ಕೆಲವು ಅಳುವಿಗೆ ಮನೆಯಲ್ಲಿ ಕೂರಬಾರದು. ಹಸಿರು ವಾಂತಿ, ಕಲ್ಲಿನಂತೆ ಬಿಗಿದು ಉಬ್ಬಿದ ಹೊಟ್ಟೆ, ಮಲದಲ್ಲಿ ರಕ್ತ, ತೊಡೆಸಂದಿಯಲ್ಲಿ ಗಂಟು, ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ, ಹಾಲು ಒಲ್ಲೆ ಎನ್ನುವುದು, ಉಚ್ಚೆ ಕಡಿಮೆಯಾಗುವುದು, ಅಳು ತೀರ ಕ್ಷೀಣವಾಗುವುದು, ಬಿಟ್ಟು ಬಿಟ್ಟು ಚೀರಿ ನಡುವೆ ಬಿಳಿಚಿ ಸುಸ್ತಾಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವುದನ್ನು ಕಾಯದೆ 108ಕ್ಕೆ ಫೋನ್ ಮಾಡಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ, ಬಾಟ್ಲಿ ಮನೆಗೆ ಬಂದ ದಾರಿಯನ್ನೂ ನೋಡಬೇಕು. ಎಷ್ಟೋ ಮನೆಗಳಲ್ಲಿ ಆರನೆಯ ವಾರದ ಅದೇ ಅಳುವನ್ನು ಕಂಡು ‘ತಾಯಿ ಹಾಲು ಸಾಲವಲ್ದು’ ಎಂದು ತೀರ್ಮಾನಿಸಿ ಡಬ್ಬಿ ತಂದಿರುತ್ತಾರೆ. 1992ರ ಕಾಯ್ದೆಯಂತೆ ಡಬ್ಬಿ ಹಾಲಿಗೂ ಬಾಟ್ಲಿಗೂ ನಮ್ಮ ದೇಶದಲ್ಲಿ ಜಾಹೀರಾತು ನಿಷಿದ್ಧ. ಆದರೆ ‘ಹಾಲು ಸಾಲವಲ್ದು’ ಎಂಬ ಒಂದು ಮಾತೇ ಸಾಕಷ್ಟು ಡಬ್ಬಿ ಮಾರಿಸುತ್ತದೆ. ತಾಯಿ ತೀರಿಹೋದ, ದತ್ತು ಬಂದ, ತಾಯಿಗೆ ಗಂಭೀರ ಕಾಯಿಲೆಯಿರುವ ಕೂಸಿಗೆ ಡಬ್ಬಿ ಹಾಲು ಜೀವ, ಅದರಲ್ಲಿ ನಾಚಿಕೆಯ ಮಾತಿಲ್ಲ. ಅವರೂ ಬಾಟ್ಲಿಯ ಬದಲು ಒಳಲೆ ಅಥವಾ ಬಟ್ಟಲು ಚಮಚದಲ್ಲಿ ಕುಡಿಸಬಹುದು. ತೊಳೆಯುವುದು ಸುಲಭ, ವೇಗ ನಿಮ್ಮ ಕೈಯಲ್ಲಿ. ಉಳಿದವರು ಮರಳಿ ಎದೆಗೆ ಹಚ್ಚಲು ತಡವಾಗಿಲ್ಲ. ಬಾಟ್ಲಿ ಕೊಡುವ ಮೊದಲು ಪ್ರತಿ ಸಲವೂ, ರಾತ್ರಿಯೂ ಸೇರಿ ದಿನಕ್ಕೆ ಎಂಟು ಹತ್ತು ಸಲ ಎದೆಗೆ ಹಚ್ಚಿ. ಕೂಸು ಚೀಪಿದಷ್ಟೂ ಹಾಲು ಇಳಿಯುತ್ತದೆ. ಕೆಲವರಿಗೆ ವಾರದಲ್ಲಿ, ಕೆಲವರಿಗೆ ತಿಂಗಳಲ್ಲಿ. ಡಬ್ಬಿ ಹಾಲನ್ನು ಒಮ್ಮೆಗೇ ನಿಲ್ಲಿಸದೆ, ಕೂಸಿನ ತೂಕ ಪ್ರತಿ ವಾರ ಅಂಗನವಾಡಿಯಲ್ಲಿ ನೋಡಿಸುತ್ತ, ಆಸ್ಪತ್ರೆಯ ಸಿಸ್ಟರನ್ನು ಕೇಳುತ್ತ ಸಲಕ್ಕೆ ಹತ್ತು ಮಿಲಿಯಂತೆ ಇಳಿಸುತ್ತ ಬನ್ನಿ.